ಕುಂಡದ ಕಳ್ಳಿಗೆ ಎಲುಬಿನ ಗೊಬ್ಬರ: ಶ್ರಾವಕನ ವಿವೇಕ

ಧರ್ಮದ ಪ್ರಶ್ನೆಗಳು ಎಲ್ಲ ವೇಳೆಯಲ್ಲೂ ಬಸದಿಯ ಸಭಾಮಂಟಪದಲ್ಲಿಯೇ ಹುಟ್ಟುವುದಿಲ್ಲ. ಎಷ್ಟೋ ಸಲ ಅವು ಅಡಿಗೆಮನೆಯ ಒಲೆಯ ಬಳಿ, ಬಾವಿಯ ಕಟ್ಟೆಯ ಮೇಲೆ, ಮನೆಯ ಮುಂದಿನ ಹೂಕುಂಡದ ಹತ್ತಿರ ತಲೆಯೆತ್ತುತ್ತವೆ. ಇಂಥ ಪ್ರಶ್ನೆಗಳು ಚಿಕ್ಕವೆಂದು ತೋರುವುದರಿಂದ ಅವುಗಳಿಗೆ ಉತ್ತರ ಹುಡುಕುವ ಶ್ರಮವನ್ನು ಹೆಚ್ಚಿನವರು ತೆಗೆದುಕೊಳ್ಳುವುದಿಲ್ಲ. ಆದರೆ ಶ್ರಾವಕನ ಅಹಿಂಸಾಣುವ್ರತ ಪರೀಕ್ಷೆಗೆ ಒಳಗಾಗುವುದು ಇಂಥ ಚಿಕ್ಕ ಸಂಗತಿಗಳಲ್ಲಿಯೇ.

ಆಳಂದ ತಾಲೂಕಿನ ನರೋಣಾದಂಥ ಊರಿನ ಒಂದು ಜೈನ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಬಹುದು. ಸುತ್ತಲೂ ತೊಗರಿ ಮತ್ತು ಜೋಳ ಬೆಳೆಯುವ ಎರೆ ಹೊಲಗಳು. ಬೇಸಿಗೆಯಲ್ಲಿ ನೆಲ ಬಿರಿದು ಬಾಯ್ದೆರೆಯುವ ನಾಡು ಅದು. ನೀರಿಗೆ ಬೆಲೆ ತಿಳಿದ ಆ ಮನೆಯ ಪಡಸಾಲೆಯ ಮುಂದೆ ಹತ್ತಾರು ಕುಂಡಗಳಿವೆ. ಅವುಗಳಲ್ಲಿ ಲೋಳೆಸರ, ಕಾಡುಬಸಳೆ, ಬ್ರಹ್ಮಕಮಲ, ಅಡೇನಿಯಂ, ಜೇಡ್ ಮೊದಲಾದ ರಸಭರಿತ ಗಿಡಗಳು ಬೆಳೆದಿವೆ. ಪೇಟೆಯ ನರ್ಸರಿಯವರು ಇವನ್ನೆಲ್ಲ ಒಟ್ಟಾಗಿ ಸಕ್ಯುಲೆಂಟ್ ಎಂದು ಕರೆಯುತ್ತಾರೆ. ಕಲಬುರಗಿಯ ಕಾಲೇಜಿನಲ್ಲಿ ಓದುವ ಮೊಮ್ಮಗಳು ರಜೆಗೆ ಬರುವಾಗ ಈ ಗಿಡಗಳಿಗಾಗಿ ಒಂದು ಪೊಟ್ಟಣ ಗೊಬ್ಬರ ತಂದಿದ್ದಾಳೆ. ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರವಿದೆ, ದೊಡ್ಡ ಅಕ್ಷರದಲ್ಲಿ ಸಾವಯವ ಎಂದಿದೆ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಬೋನ್ ಮೀಲ್ ಎಂದಿದೆ. ಅದರ ಅರ್ಥವನ್ನು ಕೇಳಿ ತಿಳಿದ ಅಜ್ಜಿ, "ಇದು ಯಾವದರ ಎಲುಬವ್ವಾ?" ಎಂದು ವಿಚಾರಿಸುತ್ತಾರೆ. "ಗೊತ್ತಿಲ್ಲ ಆಯಿ. ಆದರ ಇದು ಗಿಡಕ್ಕ ಹಾಕೂದು, ನಾವೇನು ತಿನ್ನೂದಿಲ್ಲಲ್ಲ" ಎಂಬುದು ಮೊಮ್ಮಗಳ ಉತ್ತರ.

ಈ ಎರಡು ಮಾತುಗಳ ನಡುವೆ ಒಂದು ನಿಜವಾದ ಧರ್ಮಜಿಜ್ಞಾಸೆ ಅಡಗಿದೆ. ಬಾಯಿಗೆ ಹಾಕದ ವಸ್ತುವಿನ ವಿಷಯದಲ್ಲಿ ಶ್ರಾವಕನಿಗೆ ಹೊಣೆಯುಂಟೆ? ಒಂದು ಜೀವವನ್ನು ಪೋಷಿಸಲು ಇನ್ನೊಂದು ಜೀವದ ದೇಹವನ್ನು ಬಳಸಬಹುದೆ? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಗಿಡಗಳಿಗೆ ಅಷ್ಟೊಂದು ಗೊಬ್ಬರ ಬೇಕೆ?

ಅಲ್ಪಾಹಾರಿಗಳಾದ ಗಿಡಗಳು

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುವುದು ಯುಕ್ತ. ವಸ್ತುಸ್ವರೂಪವನ್ನು ಅರಿಯದೆ ಆಚರಣೆಯನ್ನು ನಿರ್ಣಯಿಸಲಾಗದು. ರಸಭರಿತ ಗಿಡಗಳು ಹುಟ್ಟಿ ಬೆಳೆದುದು ಬಹುಮಟ್ಟಿಗೆ ಒಣ ನೆಲದಲ್ಲಿ, ಕಲ್ಲುಸಂದಿಯಲ್ಲಿ, ಸಾರ ಕಡಿಮೆಯಿರುವ ಮರಳಿನಲ್ಲಿ. ಎಲೆಯಲ್ಲಿಯೋ ಕಾಂಡದಲ್ಲಿಯೋ ನೀರನ್ನು ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಬದುಕುವ ಶಕ್ತಿ ಇವುಗಳಿಗಿದೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಗಾಳಿಯನ್ನು ಒಳಗೆ ಎಳೆದುಕೊಂಡರೆ, ಇವುಗಳಲ್ಲಿ ಬಹುಪಾಲು ಗಿಡಗಳು ರಾತ್ರಿಯ ತಂಪಿನಲ್ಲಿ ಆ ಕೆಲಸ ಮಾಡುತ್ತವೆ. ಒಳಬಂದ ಇಂಗಾಲದ ಡೈಆಕ್ಸೈಡನ್ನು ಹುಳಿಯಂಶದ ರೂಪದಲ್ಲಿ ಸಂಗ್ರಹಿಸಿ, ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡೇ ಬಿಸಿಲಿನ ಬಲದಿಂದ ಆಹಾರ ತಯಾರಿಸುತ್ತವೆ. ಹೀಗಾಗಿ ನೀರು ಆವಿಯಾಗಿ ಹೋಗುವುದು ಅತ್ಯಲ್ಪ.

ಈ ವಿಚಿತ್ರ ಗುಣವನ್ನು ಆಧುನಿಕ ವಿಜ್ಞಾನಕ್ಕೆ ತಿಳಿಸಿದ ಮೊದಲಿಗರಲ್ಲಿ ಒಬ್ಬನು ದಕ್ಷಿಣ ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞನಾಗಿದ್ದ ಬೆಂಜಮಿನ್ ಹೈನ್. ನಮ್ಮ ಹಿತ್ತಿಲುಗಳಲ್ಲಿ ಕಾಡುಬಸಳೆ ಎಂದು ಕರೆಯುವ ಗಿಡದ ಎಲೆಯನ್ನು ಆತನು ಬೆಳಿಗ್ಗೆ ಜಗಿದು ನೋಡಿದಾಗ ಹುಳಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಹುಳಿಯು ಹೋಗಿಬಿಟ್ಟಿತ್ತು. ಈ ಅವಲೋಕನವು 1815ರಲ್ಲಿ ಲಂಡನ್ನಿನ ಲಿನೇಯನ್ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂಥ ನಿಧಾನದ ಜೀವನಕ್ಕೆ ಬೇಕಾಗುವ ಪೋಷಣೆಯೂ ಅಲ್ಪವೇ. ಗಿಡವು ಹೊಸ ಎಲೆ ಬಿಡುವ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ, ಪೊಟ್ಟಣದ ಮೇಲೆ ಬರೆದ ಪ್ರಮಾಣದ ಅರ್ಧ ಅಥವಾ ಅದಕ್ಕೂ ಕಡಿಮೆ ಗೊಬ್ಬರ ಕೊಟ್ಟರೆ ಸಾಕು. ಬೆಳವಣಿಗೆ ನಿಂತಿರುವಾಗ ಕೊಡಲೇಬಾರದು. ಅಡೇನಿಯಂ ಚಳಿಗಾಲದಲ್ಲಿ ಎಲೆಯುದುರಿಸಿ ಸುಮ್ಮನಿರುತ್ತದೆ. ಗುಲಾಬಿಯಾಕಾರದ ದಪ್ಪ ಎಲೆಯ ಎಚಿವೇರಿಯಾದಂಥ ಗಿಡಗಳು ಏಪ್ರಿಲ್–ಮೇ ತಿಂಗಳ ಕಡುಬಿಸಿಲಿನಲ್ಲಿ ನಿಂತಲ್ಲೇ ನಿಲ್ಲುತ್ತವೆ. ಆ ವೇಳೆಯಲ್ಲಿ ಹಾಕಿದ ಗೊಬ್ಬರ ಬೇರಿನ ಸುತ್ತ ಲವಣವಾಗಿ ಉಳಿದು ಬೇರನ್ನು ಸುಡುತ್ತದೆ. ಹೆಚ್ಚು ಸಾರಜನಕ ಸಿಕ್ಕರೆ ಗಿಡವು ಮೃದುವಾಗಿ, ನೀರು ತುಂಬಿ, ತನ್ನ ಆಕಾರ ಕೆಟ್ಟು ಬೆಳೆದು ಕೊನೆಗೆ ಕೊಳೆಯುತ್ತದೆ. ಮನೆಗಳಲ್ಲಿ ಇಂಥ ಗಿಡಗಳು ಉಪವಾಸದಿಂದ ಸಾಯುವುದಕ್ಕಿಂತ ಅತಿಯಾದ ನೀರು ಮತ್ತು ಅತಿಯಾದ ಉಪಚಾರದಿಂದ ಸಾಯುವುದೇ ಹೆಚ್ಚು.

ಆಗಮದ ದೃಷ್ಟಿಯಲ್ಲಿ ಇವು ಏನು?

ವನಸ್ಪತಿಯು ಏಕೇಂದ್ರಿಯ ಜೀವ. ಅದಕ್ಕೆ ಸ್ಪರ್ಶವೊಂದೇ ಇಂದ್ರಿಯ. ಇದು ಪ್ರತಿಯೊಬ್ಬ ಶ್ರಾವಕನಿಗೂ ಬಾಲ್ಯದಿಂದ ತಿಳಿದ ವಿಷಯ. ಆದರೆ ಎಲ್ಲ ವನಸ್ಪತಿಗಳೂ ಒಂದೇ ಬಗೆಯವಲ್ಲ. ಒಂದು ಶರೀರಕ್ಕೆ ಒಂದೇ ಜೀವವು ಒಡೆಯನಾಗಿರುವುದು ಪ್ರತ್ಯೇಕ ವನಸ್ಪತಿ; ಅನಂತ ಜೀವಗಳು ಒಂದೇ ಶರೀರವನ್ನು ಹಂಚಿಕೊಂಡಿರುವುದು ಸಾಧಾರಣ ವನಸ್ಪತಿ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಪ್ರತಿಷ್ಠಾಪಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಇವೆರಡನ್ನು ಗುರುತಿಸುವ ಲಕ್ಷಣಗಳನ್ನು ಹೇಳಲಾಗಿದೆ. ಈ ಗ್ರಂಥಕ್ಕೆ ಕೇಶವವರ್ಣಿಯು ಕ್ರಿ.ಶ. 1359ರಲ್ಲಿ ಕನ್ನಡದಲ್ಲಿ ವೃತ್ತಿಯನ್ನು ಬರೆದನೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಯಾವುದರ ನರಗಳೂ ಸಂಧಿಗಳೂ ಗಿಣ್ಣುಗಳೂ ಹೊರಗೆ ಕಾಣವೋ, ಯಾವುದು ಮುರಿದರೆ ನಾರಿಲ್ಲದೆ ಸಮನಾಗಿ ಮುರಿಯುವುದೋ, ಯಾವುದು ಕತ್ತರಿಸಿದರೂ ಮತ್ತೆ ಚಿಗುರುವುದೋ ಅದು ಸಾಧಾರಣ. ಇದಕ್ಕೆ ವಿಪರೀತವಾದುದು ಪ್ರತ್ಯೇಕ ಎಂಬುದು ಅಲ್ಲಿಯ ವಿವರಣೆಯ ಸಾರ.

ಈ ಲಕ್ಷಣಗಳನ್ನು ಕೈಯಲ್ಲಿ ಹಿಡಿದು ಪಡಸಾಲೆಯ ಮುಂದಿನ ಕುಂಡಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಜೇಡ್ ಗಿಡದ ದಪ್ಪ ಎಲೆಯಲ್ಲಿ ನರಗಳು ಕಾಣುವುದಿಲ್ಲ. ಮುರಿದರೆ ಸೌತೆಕಾಯಿಯಂತೆ ಸಮನಾಗಿ ಮುರಿಯುತ್ತದೆ. ಮುರಿದ ಎಲೆ ಮಣ್ಣಿನ ಮೇಲೆ ಬಿದ್ದಲ್ಲಿಯೇ ಬೇರು ಬಿಡುತ್ತದೆ. ಕಾಡುಬಸಳೆಯ ಒಂದೇ ಎಲೆಯ ಅಂಚಿನಲ್ಲಿ ಸಾಲಾಗಿ ಹಲವು ಸಸಿಗಳು ಹುಟ್ಟುತ್ತವೆ. ಶ್ವೇತಾಂಬರ ಪರಂಪರೆಯಲ್ಲಿ ಪ್ರಚಲಿತವಾದ 32 ಅನಂತಕಾಯಗಳ ಪಟ್ಟಿಯಲ್ಲಿ ಲೋಳೆಸರ, ಕಳ್ಳಿ ಮತ್ತು ಅಮೃತಬಳ್ಳಿಗಳ ಹೆಸರುಗಳು ನೇರವಾಗಿಯೇ ಸೇರಿವೆ. ಪಟ್ಟಿಯಲ್ಲಿಲ್ಲದ ವಿದೇಶೀ ಗಿಡಗಳ ವಿಷಯದಲ್ಲಿ ಅಂತಿಮ ನಿರ್ಣಯ ಹೇಳುವುದು ಬಲ್ಲ ಆಚಾರ್ಯರಿಗೆ ಬಿಟ್ಟದ್ದು. ಆದರೆ ಲಕ್ಷಣಗಳು ಹೊಂದುತ್ತಿರುವಾಗ ಸಾಮಾನ್ಯ ಗೃಹಸ್ಥನು ಎಚ್ಚರಿಕೆಯ ಪಕ್ಷವನ್ನೇ ಹಿಡಿಯಬೇಕಾದೀತು. ಅಂದಮೇಲೆ, ಮಾತನಾಡುತ್ತಾ ಕುಳಿತಾಗ ಕೈಗೆ ಸಿಕ್ಕ ಎಲೆಯನ್ನು ಚಿವುಟಿ ಎಸೆಯುವ ಅಭ್ಯಾಸವು ತುಳಸಿಯ ಎಲೆ ಚಿವುಟಿದಷ್ಟು ಹಗುರವಾದ ದೋಷವಲ್ಲ.

ಇಟ್ಟ ಮೇಲಿನ ಹೊಣೆ

ಹಾಗಿದ್ದರೆ ಇಂಥ ಗಿಡಗಳನ್ನು ಮನೆಯಲ್ಲಿ ಇಡುವುದೇ ತಪ್ಪೆ? ಹೀಗೆ ವಾದಿಸಲು ಆಧಾರವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕತ್ತರಿಸುವುದು ಇದರಲ್ಲಿ ಸೇರುತ್ತವೆ. ಕೇವಲ ಕಣ್ಣಿನ ಸಂತೋಷಕ್ಕಾಗಿ ಮಣ್ಣು ಕಲಸುವುದು, ನೀರು ಹಾಕುವುದು, ಎಲೆ ಮುರಿದು ಹೊಸ ಸಸಿ ಮಾಡುವುದು ಇವೆಲ್ಲ ಈ ಮಾತಿನ ವ್ಯಾಪ್ತಿಗೆ ಬಾರದೆ ಇರಲಾರವು ಎಂದು ಕಟ್ಟುನಿಟ್ಟಿನ ಶ್ರಾವಕನು ಹೇಳಬಹುದು. ಆತನ ಮಾತನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ.

ಆದರೆ ಇನ್ನೊಂದು ಪಕ್ಷವೂ ಇದೆ. ಬೆಂಗಾಡಿನಂಥ ಬೇಸಿಗೆಯಲ್ಲಿ ಮನೆಯ ಮುಂದೆ ನಾಲ್ಕು ಹಸಿರು ಗಿಡಗಳಿದ್ದರೆ ಮನಸ್ಸಿಗೆ ಶಾಂತಿ. ಕಡಿಮೆ ನೀರಿನಲ್ಲಿ ಬದುಕುವ ಗಿಡವನ್ನು ಆರಿಸುವುದರಿಂದ ಜಲಕಾಯದ ಹಿಂಸೆ ಕಡಿಮೆ. ಮಕ್ಕಳು ಜೀವದ ಬೆಳವಣಿಗೆಯನ್ನು ಕಣ್ಣಾರೆ ಕಂಡು ದಯೆಯನ್ನು ಕಲಿಯುತ್ತಾರೆ. ಇವು ನಿಷ್ಪ್ರಯೋಜನವೆನ್ನಲಾಗದು. ಗೃಹಸ್ಥನು ಆರಂಭೀ ಹಿಂಸೆಯಿಂದ ಸಂಪೂರ್ಣ ಬಿಡುಗಡೆ ಹೊಂದಿದವನಲ್ಲ. ಅದನ್ನು ಮಿತಿಗೊಳಿಸುವ ವ್ರತ ತೊಟ್ಟವನು. ಆದುದರಿಂದ ಗಿಡವಿಡುವುದನ್ನು ನಿಷೇಧಿಸುವುದಕ್ಕಿಂತ ಅದಕ್ಕೆ ಪರಿಮಾಣ ಹಾಕಿಕೊಳ್ಳುವುದು ಅಣುವ್ರತದ ಮಾರ್ಗಕ್ಕೆ ಹೆಚ್ಚು ಹೊಂದುತ್ತದೆ.

ಗಿಡವನ್ನು ಒಮ್ಮೆ ಕುಂಡದಲ್ಲಿ ಇಟ್ಟ ಮೇಲೆ ಹೊಸದೊಂದು ಹೊಣೆ ಹುಟ್ಟುತ್ತದೆ. ನೆಲದಲ್ಲಿರುವ ಗಿಡವು ತನ್ನ ಬೇರನ್ನು ಚಾಚಿ ಬೇಕಾದುದನ್ನು ಹುಡುಕಿಕೊಳ್ಳುತ್ತದೆ. ಕುಂಡದ ಗಿಡಕ್ಕೆ ಆ ಸ್ವಾತಂತ್ರ್ಯವಿಲ್ಲ. ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಬಂಧ, ವಧ, ಛೇದ, ಅತಿಭಾರಾರೋಪಣಗಳೊಂದಿಗೆ ಅನ್ನಪಾನನಿರೋಧವನ್ನೂ ಹೇಳಿದೆ. ಇವು ಮುಖ್ಯವಾಗಿ ಮನೆಯಲ್ಲಿ ಕಟ್ಟಿದ ಪಶುಗಳನ್ನು ಕುರಿತ ಮಾತುಗಳು. ಆದರೂ ಇವುಗಳ ಹಿಂದಿನ ನ್ಯಾಯವನ್ನು ಕುಂಡದ ಗಿಡಕ್ಕೂ ವಿಸ್ತರಿಸಿ ನೋಡಿದರೆ ತಪ್ಪಾಗದು. ತನ್ನ ಸಂತೋಷಕ್ಕಾಗಿ ಒಂದು ಜೀವವನ್ನು ಕಟ್ಟಿಹಾಕಿದವನು ಅದರ ಆಹಾರದ ಹೊಣೆಯನ್ನೂ ಹೊರಬೇಕು. ಹೀಗೆ ನೋಡಿದಾಗ ಕುಂಡದ ಗಿಡಕ್ಕೆ ಮಿತವಾದ ಗೊಬ್ಬರ ಕೊಡುವುದು ಶೋಕಿಯಲ್ಲ, ಕರ್ತವ್ಯ. ಪ್ರಶ್ನೆ ಉಳಿಯುವುದು ಯಾವ ಗೊಬ್ಬರ ಮತ್ತು ಎಷ್ಟು ಗೊಬ್ಬರ ಎಂಬುದರಲ್ಲಿ.

ಎಲುಬಿನ ಪುಡಿಯ ಪರವಾದ ಮಾತುಗಳು

ಸಾವಯವ ಎಂಬ ಶಬ್ದವು ಶ್ರಾವಕರನ್ನು ಬಹಳವಾಗಿ ಮೋಸಗೊಳಿಸಿದೆ. ರಾಸಾಯನಿಕವಲ್ಲದ್ದು ಎಂಬ ಅರ್ಥದಲ್ಲಿ ಮಾತ್ರ ಆ ಶಬ್ದ ಬಳಕೆಯಲ್ಲಿದೆ. ಸಸ್ಯಮೂಲದ್ದು ಎಂಬ ಅರ್ಥ ಅದಕ್ಕಿಲ್ಲ. ಕಸಾಯಿಖಾನೆಯ ಎಲುಬಿನ ಪುಡಿ, ಒಣಗಿಸಿದ ರಕ್ತದ ಪುಡಿ, ಕೊಂಬು ಗೊರಸುಗಳ ಪುಡಿ, ಮೀನಿನ ದ್ರಾವಣ ಇವೆಲ್ಲವೂ ಸಾವಯವ ಗೊಬ್ಬರಗಳೇ. ನಮ್ಮ ದೇಶದಲ್ಲಿ ಆಹಾರದ ಪೊಟ್ಟಣಗಳ ಮೇಲೆ ಸಸ್ಯಾಹಾರವನ್ನು ಸೂಚಿಸುವ ಹಸಿರು ಚುಕ್ಕೆ ಕಡ್ಡಾಯವಾಗಿದೆ. ಅದು ಆಹಾರಕ್ಕೆ ಸಂಬಂಧಿಸಿದ ನಿಯಮ; ಗೊಬ್ಬರದ ಚೀಲಕ್ಕೆ ಅನ್ವಯಿಸುವುದಲ್ಲ. ಆದುದರಿಂದ ಗೊಬ್ಬರದ ಚೀಲದ ಮೇಲಿನ ಹಸಿರು ಎಲೆಯ ಚಿತ್ರವನ್ನು ಹಸಿರು ಚುಕ್ಕೆಯೆಂದು ಭಾವಿಸಬಾರದು.

ಎಲುಬಿನ ಪುಡಿಯನ್ನು ಬಳಸಬಹುದೆನ್ನುವವರು ಮೂರು ವಾದಗಳನ್ನು ಮುಂದಿಡುತ್ತಾರೆ. ಮೊದಲನೆಯದು ಮೊಮ್ಮಗಳು ಹೇಳಿದ ಮಾತು: ಇದನ್ನು ಯಾರೂ ತಿನ್ನುವುದಿಲ್ಲ. ಎರಡನೆಯದು: ಪಶುವನ್ನು ಯಾರೂ ಎಲುಬಿಗಾಗಿ ಕೊಲ್ಲುವುದಿಲ್ಲ, ಮಾಂಸಕ್ಕಾಗಿ ಕೊಂದ ಮೇಲೆ ಉಳಿದ ಎಲುಬು ಹೇಗಿದ್ದರೂ ವ್ಯರ್ಥ. ಮೂರನೆಯದು: ಸಹಜವಾಗಿ ಸತ್ತ ದನಕರುಗಳ ಎಲುಬನ್ನು ಆರಿಸಿ ಪುಡಿ ಮಾಡುವುದೂ ಉಂಟು; ಅದರಲ್ಲಿ ಹಿಂಸೆಯೆಲ್ಲಿದೆ?

ಮೊದಲ ವಾದವು ಅಹಿಂಸೆಯನ್ನು ಊಟದ ತಟ್ಟೆಗೆ ಕಟ್ಟಿಹಾಕುತ್ತದೆ. ಜೈನಧರ್ಮದಲ್ಲಿ ಪಾಪವನ್ನು ಅಳೆಯುವುದು ಕೇವಲ ತಿಂದುದರಿಂದಲ್ಲ. ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದುದಕ್ಕೆ ಅನುಮೋದನೆ ಕೊಡುವುದು ಎಂಬ ಮೂರು ಬಾಗಿಲುಗಳಿಂದಲೂ ಅದು ಒಳಗೆ ಬರುತ್ತದೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ 15 ಕರ್ಮಾದಾನಗಳನ್ನು ಹೇಳುವಾಗ ದಂತವಾಣಿಜ್ಯದಲ್ಲಿ ದಂತದೊಡನೆ ಕೂದಲು, ಉಗುರು, ಎಲುಬು, ಚರ್ಮಗಳನ್ನೂ ಸೇರಿಸಲಾಗಿದೆ. ಇವು ತಿನ್ನುವ ವಸ್ತುಗಳಲ್ಲ. ಆದರೂ ಇವುಗಳ ವ್ಯಾಪಾರ ನಿಷಿದ್ಧ. ಅಂದಮೇಲೆ, ತಿನ್ನುವುದಿಲ್ಲ ಎಂಬ ಒಂದೇ ಕಾರಣದಿಂದ ಎಲುಬು ನಿರ್ದೋಷವಾಗದು.

ಎರಡನೆಯ ವಾದ ಇನ್ನೂ ಸೂಕ್ಷ್ಮವಾದುದು. ಉಳಿಕೆಯ ವಸ್ತುವನ್ನು ಕೊಳ್ಳುವವನು ಕೊಲೆಯನ್ನು ಮಾಡಿಸಿದಂತೆ ಆಗುವುದೇ? ವ್ಯಾಪಾರದ ಲೆಕ್ಕ ಬಲ್ಲವರಿಗೆ ಉತ್ತರ ಕಷ್ಟವಲ್ಲ. ಶೇಂಗಾದ ಗಾಣ ನಡೆಸುವವನು ಎಣ್ಣೆಯೊಂದರಿಂದಲೇ ಲಾಭ ನೋಡುವುದಿಲ್ಲ. ಹಿಂಡಿಯ ಬೆಲೆಯನ್ನೂ ಸೇರಿಸಿಯೇ ಅವನ ಗಾಣ ತಿರುಗುತ್ತದೆ. ಹಾಗೆಯೇ ಎಲುಬು, ಚರ್ಮ, ರಕ್ತಗಳಿಗೆ ಬೆಲೆ ಬಂದಷ್ಟೂ ಕಸಾಯಿಖಾನೆಯ ಆದಾಯ ಹೆಚ್ಚುತ್ತದೆ. ಒಂದು ಪೊಟ್ಟಣದ ಪಾಲು ಅತ್ಯಂತ ಚಿಕ್ಕದು ನಿಜ. ಆದರೆ ಆ ಪಾಲು ಶೂನ್ಯವಲ್ಲ. ಎಲುಬಿಗೆ ಬೇಡಿಕೆ ಬೆಳೆದಾಗ ಏನಾಗುತ್ತದೆಂಬುದಕ್ಕೆ ಇತಿಹಾಸವೂ ಸಾಕ್ಷಿ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಹೊಲಗಳಿಗೆ ಎಲುಬಿನ ಗೊಬ್ಬರಕ್ಕಾಗಿ ಎಂಥ ಹಸಿವು ಹುಟ್ಟಿತ್ತೆಂದರೆ, ಲೈಪ್‌ಜಿಗ್, ವಾಟರ್ಲೂ, ಕ್ರಿಮಿಯಾಗಳ ರಣಭೂಮಿಯ ಎಲುಬುಗಳನ್ನೂ ಆ ದೇಶ ಬಿಡಲಿಲ್ಲವೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಆಪಾದಿಸಿದ್ದನು. ಎಲುಬನ್ನು ವಸ್ತುವೆಂದು ಕಾಣಲು ಕಲಿತ ಕಣ್ಣು ಅದು ಯಾರದೆಂದು ಕೇಳುವುದನ್ನು ಮರೆಯುತ್ತದೆ. ಅಜ್ಜಿ ಕೇಳಿದ ಪ್ರಶ್ನೆಯ ಬೆಲೆ ಇಲ್ಲಿ ತಿಳಿಯುತ್ತದೆ.

ಮೂರನೆಯ ವಾದವನ್ನು ಪೂರ್ವಾಚಾರ್ಯರು ಮೊದಲೇ ಎದುರಿಸಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ತಾವಾಗಿಯೇ ಸತ್ತ ಎಮ್ಮೆ ಎತ್ತುಗಳ ಮಾಂಸದಲ್ಲಿಯೂ ಹಿಂಸೆ ತಪ್ಪದು, ಏಕೆಂದರೆ ಅದರಲ್ಲಿ ಆಶ್ರಯ ಪಡೆದ ನಿಗೋದ ಜೀವಗಳ ನಾಶವಾಗುತ್ತದೆ ಎಂದು ತಿಳಿಸಿದ್ದಾರೆ. ಅದು ಮಾಂಸವನ್ನು ಕುರಿತ ಮಾತು. ಬಿಸಿಲಿಗೆ ಒಣಗಿ ಬಿಳುಪಾದ ಎಲುಬಿಗೆ ಅದು ಅಷ್ಟೇ ಬಲವಾಗಿ ಅನ್ವಯಿಸುವುದಿಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಆದರೆ ಅಂಗಡಿಯ ಪೊಟ್ಟಣದಲ್ಲಿರುವ ಪುಡಿಯು ಹೊಲದಂಚಿನಲ್ಲಿ ಮುಪ್ಪಿನಿಂದ ಸತ್ತ ಎತ್ತಿನದೋ, ಕತ್ತಿಗೆ ಬಲಿಯಾದ ಪಶುವಿನದೋ ಎಂದು ಕೊಳ್ಳುವವನಿಗೆ ತಿಳಿಯುವ ಬಗೆಯಿಲ್ಲ. ತಿಳಿಯಲಾಗದ ಕಡೆ ಅನುಕೂಲವಾದುದನ್ನು ನಂಬಿಕೊಳ್ಳುವುದು ಪ್ರಮಾದ. ಪ್ರಮಾದವೇ ಹಿಂಸೆಯ ಬೇರು.

ಇವೆಲ್ಲಕ್ಕಿಂತ ಮೇಲಾದ ಕಾರಣ ಇನ್ನೊಂದಿದೆ. ಶ್ರಾವಕನ ಧರ್ಮದಲ್ಲಿ ತ್ರಸಜೀವಗಳ ರಕ್ಷಣೆ ಮೊದಲು. ಸ್ಥಾವರ ಜೀವಗಳ ವಿಷಯದಲ್ಲಿ ಮಿತಿ. ಏಕೇಂದ್ರಿಯವಾದ ಗಿಡದ ಎಲೆ ಇನ್ನಷ್ಟು ಹೊಳೆಯಲೆಂದು ಪಂಚೇಂದ್ರಿಯ ಜೀವದ ದೇಹವನ್ನು ಪುಡಿ ಮಾಡಿ ಸುರಿಯುವುದು ಈ ಕ್ರಮವನ್ನೇ ತಲೆಕೆಳಗು ಮಾಡಿದಂತೆ. ಅದೂ ಹಸಿವಿನಿಂದಲ್ಲ, ರೋಗದಿಂದಲ್ಲ, ಅಲಂಕಾರಕ್ಕಾಗಿ.

ರೋಗದ ಸಂದರ್ಭದಲ್ಲಿ ಸಹ ನಮ್ಮ ನಾಡಿನ ಹಿರಿಯರು ಈ ಕ್ರಮವನ್ನು ಬಿಟ್ಟುಕೊಡಲಿಲ್ಲ. ನರೋಣಾ ಇರುವ ಕಲಬುರಗಿ ಜಿಲ್ಲೆಯಲ್ಲಿಯೇ, ಸೇಡಂ ತಾಲೂಕಿನ ಕಾಗಿಣಾ ನದಿಯ ದಡದಲ್ಲಿ ಮಳಖೇಡವಿದೆ. ಅದೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದರು. ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಸಸ್ಯ ಮತ್ತು ಖನಿಜಗಳಿಂದಲೇ ಚಿಕಿತ್ಸೆ ಮಾಡಬಹುದೆಂದು ಅದರಲ್ಲಿ ತೋರಿಸಿದರು. ಮಾಂಸಸೇವನೆಯ ನಿರರ್ಥಕತೆಯನ್ನು ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ ಪ್ರತಿಪಾದಿಸಿದ ಭಾಗವೂ ಆ ಗ್ರಂಥದ ಕೊನೆಯಲ್ಲಿದೆ. 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಈ ಗ್ರಂಥ ಪ್ರಕಟವಾಯಿತು. ಮನುಷ್ಯನ ಪ್ರಾಣ ಉಳಿಸುವ ಔಷಧದಲ್ಲಿಯೇ ಪ್ರಾಣಿಯ ದೇಹವನ್ನು ತ್ಯಜಿಸಿದ ಪರಂಪರೆಗೆ ಸೇರಿದವರು, ಹೂಕುಂಡದ ಚೆಲುವಿಗಾಗಿ ಅದನ್ನು ಕೊಳ್ಳುವುದು ಶೋಭಿಸುವುದೇ?

ಎಲುಬಿನ ಪುಡಿಯಿಂದ ಇಲ್ಲಿ ದೊಡ್ಡ ಉಪಯೋಗವೂ ಇಲ್ಲವೆಂಬುದು ಗಮನಾರ್ಹ. ಅದರಲ್ಲಿರುವುದು ಮುಖ್ಯವಾಗಿ ರಂಜಕ. ಆ ರಂಜಕವು ಕರಗಿ ಬೇರಿಗೆ ದೊರೆಯಬೇಕಾದರೆ ಮಣ್ಣಿನಲ್ಲಿ ಹುಳಿಯ ಗುಣವಿರಬೇಕು. ಈ ಭಾಗದ ಎರೆಮಣ್ಣಾದರೋ ಸಾಮಾನ್ಯವಾಗಿ ಸುಣ್ಣದಂಶವುಳ್ಳ ಕ್ಷಾರಗುಣದ್ದು. ಅಂಥ ಮಣ್ಣು ಬೆರೆತ ಕುಂಡದಲ್ಲಿ ಎಲುಬಿನ ಪುಡಿ ಹೆಚ್ಚಾಗಿ ಹಾಗೆಯೇ ಉಳಿಯುತ್ತದೆ. ಆದರೆ ಧರ್ಮದ ನಿರ್ಣಯವನ್ನು ಈ ಲಾಭನಷ್ಟದ ಮೇಲೆ ನಿಲ್ಲಿಸಬಾರದು. ನಾಳೆ ಹುಳಿಮಣ್ಣಿನ ಮಲೆನಾಡಿನಲ್ಲಿ ಅದೇ ಪುಡಿ ಚೆನ್ನಾಗಿ ಕೆಲಸ ಮಾಡಿದರೆ ಅಲ್ಲಿ ಅದು ಧರ್ಮವಾಗಿಬಿಡುವುದಿಲ್ಲ. ಉಪಯೋಗವಿಲ್ಲವೆಂಬುದು ಬಿಡುವುದನ್ನು ಸುಲಭ ಮಾಡುತ್ತದೆ, ಅಷ್ಟೆ.

ಉಳಿದ ಗೊಬ್ಬರಗಳ ತಾರತಮ್ಯ

ಎಲುಬನ್ನು ಬಿಟ್ಟ ಮಾತ್ರಕ್ಕೆ ವಿವೇಕದ ಕೆಲಸ ಮುಗಿಯುವುದಿಲ್ಲ. ಎರೆಹುಳುವಿನ ಗೊಬ್ಬರವನ್ನು ಅನೇಕರು ಸಾತ್ತ್ವಿಕವೆಂದು ತಿಳಿದಿದ್ದಾರೆ. ಎರೆಹುಳು ದ್ವೀಂದ್ರಿಯ ತ್ರಸಜೀವ. ಅದನ್ನು ತೊಟ್ಟಿಯಲ್ಲಿ ಕೂಡಿಹಾಕಿ, ಸಾಣಿಗೆಯಲ್ಲಿ ಜಾಲಿಸಿ, ಒಣಗಿಸಿ ಚೀಲಕ್ಕೆ ತುಂಬುವಾಗ ಎಷ್ಟು ಹುಳುಗಳೂ ಮೊಟ್ಟೆಗಳೂ ನಾಶವಾಗುತ್ತವೆಂದು ಲೆಕ್ಕವಿಡುವವರಿಲ್ಲ. ಹೊಲದಲ್ಲಿ ತಾನಾಗಿ ಬದುಕುವ ಎರೆಹುಳುವಿನ ಉಪಕಾರ ಬೇರೆ. ಅದನ್ನು ಸರಕಿನ ಯಂತ್ರವಾಗಿಸುವುದು ಬೇರೆ. ಅಲ್ಪಾಹಾರಿಯಾದ ಕಳ್ಳಿಯ ಗಿಡಕ್ಕೆ ಇದು ಅನಿವಾರ್ಯವಲ್ಲದ್ದರಿಂದ ಶ್ರಾವಕನು ಇದನ್ನು ಬಿಡುವುದೇ ಲೇಸು.

ತಿಪ್ಪೆಯ ಗೊಬ್ಬರ ಹಸಿಯಾಗಿರುವಾಗ ಅದರಲ್ಲಿ ಗೊಬ್ಬರದ ಹುಳುಗಳು ತುಂಬಿರುತ್ತವೆ. ಅದನ್ನು ಬಿಸಿಲಿನಲ್ಲಿ ಹರಡಿ ಹುಳುಗಳನ್ನು ಕೊಲ್ಲುವುದು ದಯೆಯ ಮಾರ್ಗವಲ್ಲ. ನೆರಳಿನಲ್ಲಿ ತೆಳುವಾಗಿ ಹರಡಿ ಬಿಟ್ಟರೆ ಜೀವಗಳು ತಾವಾಗಿ ಸರಿದುಹೋಗಲು ಅವಕಾಶವಾಗುತ್ತದೆ. ಉಳಿದವನ್ನು ಮೆಲ್ಲಗೆ ತೆಗೆದು ಮರಳಿ ತಿಪ್ಪೆಗೆ ಬಿಡಬಹುದು. ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅವು ಬಂದ ನೀರಿಗೇ ಬಿಡುವ ಜಿವಾಣಿಯ ಪದ್ಧತಿ ನಮ್ಮ ಮನೆಗಳಲ್ಲಿ ನಡೆದು ಬಂದಿದೆ. ಅದೇ ಭಾವ ಗೊಬ್ಬರದಲ್ಲಿಯೂ ಇರಲಿ. ಪೂರ್ತಿ ಹಳತಾಗಿ, ಮಣ್ಣಿನ ವಾಸನೆ ಬಂದು, ಉದುರುದುರಾದ ಗೊಬ್ಬರವನ್ನು ನಾಲ್ಕು ಹಿಡಿ ಮಣ್ಣುಮರಳಿಗೆ ಅರ್ಧ ಹಿಡಿಯಂತೆ ಬೆರೆಸಿದರೆ ಈ ಗಿಡಗಳಿಗೆ ವರ್ಷವೆಲ್ಲ ಸಾಕು.

ಬೇವಿನ ಹಿಂಡಿ, ಶೇಂಗಾ ಹಿಂಡಿಗಳು ಸಸ್ಯಮೂಲದವು. ಆದರೆ ಶೇಂಗಾ ಹಿಂಡಿಯನ್ನು ಕುಂಡದ ಮೇಲೆ ಉದುರಿಸಿದರೆ ಇರುವೆಗಳು ಮುತ್ತುತ್ತವೆ. ನೀರಿನಲ್ಲಿ ದಿನಗಟ್ಟಲೆ ಕೊಳೆಹಾಕಿದರೆ ಹುಳುಗಳಾಗುತ್ತವೆ. ಬೇವಿನ ಹಿಂಡಿಯಲ್ಲಿ ಕೀಟಗಳನ್ನು ಬಾಧಿಸುವ ಗುಣವೂ ಇದೆಯೆಂಬುದನ್ನು ಮರೆಯಲಾಗದು. ಬಳಸುವುದಾದರೆ ಚಿಟಿಕೆಯಷ್ಟನ್ನು ಮಣ್ಣಿನೊಳಗೆ ಬೆರೆಸಬೇಕು. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದ್ದರೂ ಅದು ಕ್ಷಾರವಾದ್ದರಿಂದ ಎರೆಮಣ್ಣಿನ ಕುಂಡಕ್ಕೆ ಹೆಚ್ಚು ಹಾಕುವುದು ಹಿತವಲ್ಲ.

ನೀರಿನಲ್ಲಿ ಕರಗುವ 19:19:19ರಂಥ ಖನಿಜ ಗೊಬ್ಬರಗಳ ಬಗ್ಗೆ ಸಾವಯವಪ್ರಿಯರಿಗೆ ತಿರಸ್ಕಾರವಿದೆ. ಅವುಗಳ ತಯಾರಿಕೆಯಲ್ಲಿ ಪೃಥ್ವೀಕಾಯ, ಅಗ್ನಿಕಾಯಗಳ ಆರಂಭ ಬಹಳ. ಹೊಲಗಳಲ್ಲಿ ಅತಿಯಾಗಿ ಬಳಸಿದಾಗ ನೆಲಕ್ಕೂ ನೀರಿಗೂ ಆಗುವ ಕೇಡು ಪ್ರಸಿದ್ಧ. ಆದರೂ ಒಂದು ಲೀಟರ್ ನೀರಿಗೆ ಅರ್ಧ ಗ್ರಾಮಿನಂತೆ, ಬೆಳೆಯುವ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಕೊಡುವುದರಲ್ಲಿ ತ್ರಸಜೀವದ ದೇಹವಿಲ್ಲ, ಹುಳುಗಳ ಉತ್ಪತ್ತಿಯಿಲ್ಲ. ರಂಜಕದ ಬಂಡೆಗಳಲ್ಲಿಯೂ ಪ್ರಾಚೀನ ಸಮುದ್ರಜೀವಿಗಳ ಅವಶೇಷಗಳಿರುತ್ತವಲ್ಲ ಎಂದು ಕೆಲವರು ಕೇಳಿಯಾರು. ನಿಜ, ಆದರೆ ಕೋಟ್ಯಂತರ ವರ್ಷಗಳ ಹಿಂದಿನ ಆ ಮರಣಕ್ಕೆ ಇಂದಿನ ಯಾರ ಕೊಳ್ಳುವಿಕೆಯೂ ಕಾರಣವಲ್ಲ, ಇಂದಿನ ಕೊಳ್ಳುವಿಕೆಯಿಂದ ಅಂಥ ಇನ್ನೊಂದು ಮರಣ ಆಗುವುದೂ ಇಲ್ಲ. ಕಸಾಯಿಖಾನೆಯ ಎಲುಬಿನ ವಿಷಯದಲ್ಲಿ ಹಾಗೆ ಹೇಳಲಾಗದು.

ಯಾವ ಗೊಬ್ಬರವೂ ಪೂರ್ಣ ನಿರ್ದೋಷವಲ್ಲ ಎಂಬುದು ಇದರಿಂದ ಸ್ಪಷ್ಟ. ಎಲ್ಲವನ್ನೂ ತಪ್ಪಿಸಲಾಗದು, ಆದ್ದರಿಂದ ಯಾವುದನ್ನೂ ತಪ್ಪಿಸಬೇಕಿಲ್ಲ ಎನ್ನುವುದು ಸೋಮಾರಿಯ ತರ್ಕ. ತಿಳಿದಷ್ಟನ್ನು, ಸಾಧ್ಯವಾದಷ್ಟನ್ನು, ಹತ್ತಿರದ್ದನ್ನು ಮೊದಲು ಬಿಡುವುದು ಶ್ರಾವಕನ ತರ್ಕ.

ಅತಿಯಿಂದ ಹುಟ್ಟುವ ಹಿಂಸೆ

ಗೊಬ್ಬರದ ಬಗೆಗಿಂತಲೂ ಅದರ ಪ್ರಮಾಣದಲ್ಲಿ ದೊಡ್ಡ ಅಪಾಯವಿದೆ. ಸಾರಜನಕ ಹೆಚ್ಚಾಗಿ ಮೃದುವಾದ ಎಲೆಗೆ ಬಿಳಿ ಹಿಟ್ಟುತಿಗಣೆ ಬೇಗ ತಗಲುತ್ತದೆ. ತಿಗಣೆ ಸ್ರವಿಸುವ ಸಿಹಿರಸಕ್ಕೆ ಇರುವೆ ಬರುತ್ತದೆ. ಗಿಡ ಬಾಡುವುದನ್ನು ನೋಡಲಾರದೆ ಮನೆಯವರು ಕೀಟನಾಶಕ ತಂದು ಸಿಂಪಡಿಸುತ್ತಾರೆ. ಮಿತಿಯಲ್ಲಿದ್ದ ಆರಂಭೀ ಹಿಂಸೆಯು ಈಗ ಕೊಲ್ಲಬೇಕೆಂಬ ಸಂಕಲ್ಪದಿಂದಲೇ ಮಾಡಿದ ತ್ರಸಹಿಂಸೆಯಾಗುತ್ತದೆ. ಯಾವ ಕೈ ಪ್ರೀತಿಯಿಂದ ಒಂದು ಚಮಚ ಹೆಚ್ಚು ಗೊಬ್ಬರ ಹಾಕಿತೋ ಅದೇ ಕೈ ತಿಂಗಳೊಳಗೆ ವಿಷ ಹಾಕುತ್ತದೆ. ಇಷ್ಟಾದರೂ ಮನೆಯವರಿಗೆ ತಾವು ಎಲ್ಲಿ ದಾರಿ ತಪ್ಪಿದೆವೆಂದು ತಿಳಿಯುವುದಿಲ್ಲ.

ಆ ಒಂದು ಚಮಚ ಹೆಚ್ಚಿಗೆ ಗಿಡದ ಅವಶ್ಯಕತೆಯಿಂದ ಬಂದುದಲ್ಲ. ನೆರೆಮನೆಯ ಗಿಡಕ್ಕಿಂತ ಇದು ಬೇಗ ಬೆಳೆಯಲಿ, ಹೂವು ದೊಡ್ಡದಾಗಲಿ ಎಂಬ ಮನಸ್ಸಿನ ಲೋಭದಿಂದ ಬಂದುದು. ಬೇಡದವನಿಗೆ ಬೇಡದ ಕಾಲದಲ್ಲಿ ಕೊಟ್ಟುದು ದಾನವಾಗದು. ಅದು ಕೊಡುವವನ ಆಸೆಯನ್ನು ಪೂ­ರೈಸುತ್ತದೆ, ಪಡೆಯುವವನ ಹಸಿವನ್ನಲ್ಲ. ಮಕ್ಕಳಿಗೆ ತಿನ್ನಿಸುವುದರಲ್ಲಿ, ಬಸದಿಗೆ ಸಲ್ಲಿಸುವ ಕಾಣಿಕೆಯಲ್ಲಿ, ಬಂಧುಗಳಿಗೆ ಮಾಡುವ ಉಪಚಾರದಲ್ಲಿ ಸಹ ಈ ಭೇದವನ್ನು ಗುರುತಿಸುವುದು ಸುಲಭವಲ್ಲ. ಕುಂಡದ ಗಿಡವು ಅದನ್ನು ಬೇಗ ತೋರಿಸಿಕೊಡುತ್ತದೆ.

ಮನೆಗೂ ಬಸದಿಗೂ ಕೆಲವು ನಿಯಮಗಳು

ಈ ವಿಚಾರದಿಂದ ಕೆಲವು ಸರಳ ನಿಯಮಗಳು ಹೊರಡುತ್ತವೆ. ಕುಂಡಗಳ ಸಂಖ್ಯೆಗೆ ಮನೆಯವರು ಪರಿಮಾಣ ಹಾಕಿಕೊಳ್ಳಲಿ. ಎಲೆಯೊಂದು ಬೇರು ಬಿಟ್ಟಿತೆಂದು ಪ್ರತಿಯೊಂದಕ್ಕೂ ಹೊಸ ಕುಂಡ ಕೊಳ್ಳುವುದು ಬೇಡ. ಎರೆಮಣ್ಣನ್ನು ಕಡಿಮೆ ಮಾಡಿ ದಪ್ಪ ಮರಳು, ಗರಸು, ಇಟ್ಟಂಗಿಯ ಚೂರುಗಳನ್ನು ಬೆರೆಸಲಿ. ನೀರು ನಿಲ್ಲದಿದ್ದರೆ ಕೊಳೆಯುವುದೂ ಹುಳುವಾಗುವುದೂ ಕಡಿಮೆ. ಕುಂಡ ಬದಲಿಸುವ ಕೆಲಸವನ್ನು ಜೀವೋತ್ಪತ್ತಿ ಹೆಚ್ಚಿರುವ ಮಳೆಗಾಲದ ಚಾತುರ್ಮಾಸದಲ್ಲಿ ಮಾಡದೆ, ಮಳೆ ನಿಂತ ಮೇಲೆ ಮಾಡಲಿ. ತಿಗಣೆ ಕಂಡರೆ ವಿಷಕ್ಕೆ ಕೈಹಾಕದೆ, ಮೊದಲು ಗೊಬ್ಬರ ನಿಲ್ಲಿಸಿ, ಆ ಕುಂಡವನ್ನು ದೂರವಿಟ್ಟು, ಮೃದುವಾದ ಕುಂಚದಿಂದ ಹುಳುಗಳನ್ನು ಸರಿಸಿ ಬೇಲಿಯ ಗಿಡದ ಬುಡಕ್ಕೆ ಬಿಡಲಿ.

ಬಸದಿಗಳ ವಿಶ್ವಸ್ತ ಮಂಡಳಿಗಳ ಹೊಣೆ ಇನ್ನೂ ಹೆಚ್ಚಿನದು. ಬಸದಿಯ ಅಂಗಳಕ್ಕೆ ಕುಂಡಗಳನ್ನೂ ಸಿದ್ಧ ಮಣ್ಣಿನ ಚೀಲಗಳನ್ನೂ ತರಿಸುವಾಗ ಅದರಲ್ಲಿ ಎಲುಬು, ರಕ್ತ, ಮೀನು, ಕೊಂಬು ಗೊರಸುಗಳ ಪುಡಿ ಇಲ್ಲವೆಂದು ಮಾರುವವರಿಂದ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಸಾವಯವ ಎಂಬ ಒಂದು ಶಬ್ದದಿಂದ ತೃಪ್ತರಾಗಬಾರದು. ಭಕ್ತರು ಬರಿಗಾಲಿನಲ್ಲಿ ಪ್ರದಕ್ಷಿಣೆ ಮಾಡುವ ನೆಲದ ಪಕ್ಕದ ಕುಂಡದಲ್ಲಿ ಪಶುವಿನ ಎಲುಬಿನ ಪುಡಿ ಇದೆಯೆಂದಾದರೆ, ಅದನ್ನು ಯಾರು ಹಾಕಿದರು ಎನ್ನುವುದಕ್ಕಿಂತ ಯಾರೂ ಕೇಳಲಿಲ್ಲ ಎನ್ನುವುದೇ ದೊಡ್ಡ ದೋಷ.

ಇನ್ನು ನರೋಣಾದ ಆ ಮನೆಯ ಪೊಟ್ಟಣ. ಅದನ್ನು ಏನು ಮಾಡಬೇಕು? ತನ್ನ ಗಿಡಕ್ಕೆ ಬೇಡವೆಂದು ನೆರೆಮನೆಯವರಿಗೆ ಕೊಟ್ಟರೆ, ತಾನು ಬಿಟ್ಟ ದೋಷವನ್ನು ಇನ್ನೊಬ್ಬರ ಕೈಯಿಂದ ಮಾಡಿಸಿದಂತೆ ಆಗುತ್ತದೆ. ಕಸಕ್ಕೆ ಎಸೆದರೆ ಕೊಟ್ಟ ಹಣ ಹೋದೀತು, ಕೊಂಡ ಪಾಪ ಹಿಂದಿರುಗದು. ಬಿಚ್ಚದೆ ಇದ್ದಲ್ಲಿ ಅಂಗಡಿಗೆ ಮರಳಿಸಿ, ಏಕೆ ಬೇಡವೆಂಬುದನ್ನು ಅಂಗಡಿಯವನಿಗೆ ತಿಳಿಸುವುದು ಉತ್ತಮ. ಮುಂದಿನ ಸಲ ಅವನು ಬೇರೆ ಸರಕು ತರಿಸಿಯಾನು. ಬಿಚ್ಚಿದ್ದರೆ, ಯಾರೂ ತುಳಿಯದ ಹೊಲದ ಮೂಲೆಯಲ್ಲಿ ಜೀವಜಂತುಗಳಿಲ್ಲದ ಒಣನೆಲ ನೋಡಿ ಮಣ್ಣಿಗೆ ಸೇರಿಸಿ, ಸಂಜೆಯ ಪ್ರತಿಕ್ರಮಣದಲ್ಲಿ ಅದನ್ನೂ ನೆನೆಯಬೇಕು. ತಿಳಿಯದೆ ತಂದ ಮೊಮ್ಮಗಳನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಕೊಳ್ಳುವ ಮೊದಲು ಪೊಟ್ಟಣದ ಹಿಂಬದಿಯನ್ನು ಓದುವ ಅಭ್ಯಾಸ ಆ ಹುಡುಗಿಗೆ ಈಗ ಬಂದಿದ್ದರೆ, ಬೇಕಾದ ಪಾಠ ಆದಂತೆಯೇ.

ಗಿಡಗಳು ಎಲುಬಿನ ಪುಡಿಯಿಲ್ಲದೆಯೇ ಬದುಕುತ್ತವೆ. ಹಳೆಯ ಗೊಬ್ಬರದ ಅರ್ಧ ಹಿಡಿ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸೋಸಿದ ನೀರು, ಬೆಳಗಿನ ಬಿಸಿಲು ಇಷ್ಟರಲ್ಲಿಯೇ ಅವು ತಮ್ಮ ಕಾಲಕ್ಕೆ ತಾವು ಚಿಗುರುತ್ತವೆ. "ಇದು ಯಾವದರ ಎಲುಬು?" ಎಂದು ಕೇಳುವ ಒಬ್ಬ ಹಿರಿಯರು ಪ್ರತಿ ಮನೆಯಲ್ಲಿರಲಿ, ಆ ಹಿರಿಯರು ಇಲ್ಲದ ಕಾಲಕ್ಕೆ ಅದೇ ಪ್ರಶ್ನೆಯನ್ನು ಕೇಳುವ ಕಿರಿಯರೂ ಇರಲಿ.